ಆಸರೆ ಗುತ್ತಿಗೆಗೆ ಕೊಡುವ ಸರಕಲ್ಲ
(ಅಂತರಸಂತೆಯ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಪಿಯುಸಿ. ಬಿಲ್ ಪುಸ್ತಕ, ರಸೀದಿ, ಲಗ್ನಪತ್ರಿಕೆ ಅಚ್ಚು ಹಾಕುವುದು ನನ್ನ ಕಸುಬು. ಬಿಲ್ಲಿನಲ್ಲಿ ಯಾವ ಕಲಂ ಇರುತ್ತದೋ ಮಾಲೀಕ ಅದನ್ನೇ ಎಣಿಸುತ್ತಾನೆ. ಈ ಕಸುಬು ನನಗೆ ಕಲಿಸಿದ ಪಾಠ ಇದು.

ಊರು ಬಿಡುವ ಸಂಕಟವನ್ನು ಅಂತರಸಂತೆಯವರಿಗೆ ನಾನು ಹೇಳಬೇಕೇ? 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ನೀರಿನಡಿ ಹೋದ ಹಳ್ಳಿಗಳ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ನಾಡನ್ನೇ ಬಿಟ್ಟು ಬಂದವರನ್ನೂ ನಮ್ಮ ಜಿಲ್ಲೆ ಕಂಡಿದೆ. 1960ರಲ್ಲಿ ಟಿಬೆಟಿಯನ್ನರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದರು. ಆಗಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕೊಟ್ಟಿತು. ಅವರೇ ಕಾಡು ಸವರಿದರು, ಮುಸುಕಿನ ಜೋಳ ಬಿತ್ತಿದರು, ಸಹಕಾರ ಸಂಘ ಕಟ್ಟಿದರು. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಲಾಭ ನೋಡದೆ ನೆರವಾಯಿತು. ದುಡಿದವರು ಸಂತೆಗೆ ಬಂದರು, ಸಂತೆಯಲ್ಲಿ ಕನ್ನಡ ಕಲಿತರು. ಮುನಿಸು ಬರಲೇ ಇಲ್ಲವೆಂದಲ್ಲ. ಬಂದಾಗ ಎದುರು ಕೂತು ಮಾತಾಡಲು ಸಂಘವಿತ್ತು, ಸರ್ಕಾರವಿತ್ತು.

ನಮ್ಮನ್ನು ಆಳಿ ಹೋದ ಬ್ರಿಟನ್ ಏನು ಮಾಡಿತು ನೋಡಿ! ಆಶ್ರಯ ಬೇಡಿ ಬಂದವರ ವಸತಿಯನ್ನು 2019ರಲ್ಲಿ ಸರ್ಕೋ, ಮಿಯರ್ಸ್, ಕ್ಲಿಯರ್‌ಸ್ಪ್ರಿಂಗ್ಸ್ ಎಂಬ ಮೂರು ಕಂಪನಿಗಳಿಗೆ ಹತ್ತು ವರ್ಷದ ಗುತ್ತಿಗೆ ಕೊಟ್ಟಿತು. ಅಂದಾಜು 450 ಕೋಟಿ ಪೌಂಡ್. ಅದು 1,530 ಕೋಟಿಗೆ ಏರುತ್ತದೆಂದು 2025ರ ಮೇ ತಿಂಗಳಲ್ಲಿ ಅಲ್ಲಿನ ಲೆಕ್ಕಪರಿಶೋಧಕರೇ ಹೇಳಿದರು. 2024-25ರಲ್ಲಿ ಹೋಟೆಲಿನಲ್ಲಿದ್ದವರು ನೂರಕ್ಕೆ 35 ಮಂದಿ, ಹೋಟೆಲಿನ ಖರ್ಚು ನೂರಕ್ಕೆ 76!

ಆ ಬಿಲ್ಲಿನ ಕಲಂ ಯಾವುದು? ಇಷ್ಟು ತಲೆ, ಇಷ್ಟು ರಾತ್ರಿ. ಇವನು ದುಡಿಮೆಗೆ ನಿಂತನೇ, ನೆರೆಯವರ ಭಾಷೆ ಕಲಿತನೇ ಎಂಬ ಕಲಂ ಅದರಲ್ಲಿಲ್ಲ. ಮೊದಲ ಒಂದು ವರ್ಷವಂತೂ ಅವರಿಗೆ ದುಡಿಯಲು ಅಪ್ಪಣೆಯೇ ಇಲ್ಲ. ಬಾಗಿಲು ಮುಚ್ಚಿ ಕೂತವನಿಗೆ ಯಾವ ಸಂತೆ, ಯಾವ ಭಾಷೆ? ಹೊರಗಿನವರ ಸಿಟ್ಟೂ ಗುತ್ತಿಗೆದಾರನ ಮೇಲೆ ಹೋಗಲಿಲ್ಲ. 2024ರ ಆಗಸ್ಟಿನಲ್ಲಿ ರಾದರ್‌ಹ್ಯಾಮ್ ಬಳಿ ಒಳಗೆ ಜನ ಇರುವಾಗಲೇ ಹೋಟೆಲಿಗೆ ಬೆಂಕಿ ಇಟ್ಟರು.

ಅದು ದೂರದ ಮಾತು ಎನ್ನಬೇಡಿ. ನಮ್ಮಲ್ಲೂ ಆಸ್ಪತ್ರೆ, ಹಾಸ್ಟೆಲ್ ಕೆಲಸಗಳು ಹೊರಗುತ್ತಿಗೆಗೆ ಹೋಗಿವೆ. ನಾಳೆ ನೆರೆ ಬಂದವರ ಗಂಜಿಕೇಂದ್ರ, ಕಾಡಿನಿಂದ ಎಬ್ಬಿಸಿದವರ ಮನೆ ಗುತ್ತಿಗೆಗೆ ಹೋದರೆ ಸುಮ್ಮನಿರುತ್ತೀರಾ? ಕರಾರುಪತ್ರ ಕನ್ನಡದಲ್ಲಿರಲಿ, ಪಂಚಾಯಿತಿ ಗೋಡೆಗೆ ಅಂಟಿಸಲಿ ಎಂದು ಕೇಳಿ. ಓದಿ ನೋಡಿ. ತಲೆ ಎಣಿಸುವ ಕಲಂ ಒಂದೇ ಇದ್ದರೆ, ಅಲ್ಲಿಯೇ ತಡೆಯಿರಿ!

ಸಿರಿಗನ್ನಡಂ ಗೆಲ್ಗೆ.