ಬಿಡಿಭಾಗಕ್ಕೊಂದು ಜಾತಕ



ಹೊಸೂರಿನ ಕೈಗಾರಿಕಾ ವಸಾಹತುಗಳಲ್ಲಿ ದುಡಿಯುತ್ತಿರುವ ಈ ಶಾಲೆಯ ಹಳೆಯ ವಿದ್ಯಾರ್ಥಿಗಳ ಪರವಾಗಿ ನಾವು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಮೊಬೈಲು, ವಾಹನ, ಆಸ್ಪತ್ರೆಯ ಉಪಕರಣ ಇವುಗಳ ಒಡಲಲ್ಲಿರುವ ಸರ್ಕ್ಯೂಟ್ ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಕೂರಿಸಿ ಬೆಸೆಯುವುದು ನಮ್ಮ ಕಾಯಕ. ಬೆಸುಗೆಯಷ್ಟೇ ಮುಖ್ಯವಾದುದು ಅದರ ದಾಖಲೆ.

ಸಾಸಿವೆಗಿಂತ ಚಿಕ್ಕದಾದ ಭಾಗಗಳು ಸುರುಳಿ ಸುತ್ತಿದ ರೀಲುಗಳಲ್ಲಿ ಬರುತ್ತವೆ. ರೀಲಿನ ಚೀಟಿಯಲ್ಲಿ ಭಾಗದ ಸಂಖ್ಯೆ, ಲಾಟ್ ಸಂಖ್ಯೆ, ತಯಾರಾದ ಕಾಲ ಇರುತ್ತವೆ. 2318 ಎಂದಿದ್ದರೆ ಸಾಮಾನ್ಯವಾಗಿ 2023ರ 18ನೆಯ ವಾರ. ರೀಲನ್ನು ಯಂತ್ರಕ್ಕೆ ಹೂಡುವಾಗ ಸ್ಕ್ಯಾನ್ ಮಾಡುತ್ತೇವೆ. ಬೋರ್ಡಿಗೂ ತನ್ನದೇ ಸಂಖ್ಯೆಯುಂಟು. ಬೆಸುಗೆಯ ಪೇಸ್ಟನ್ನು ಶೀತಲ ಪೆಟ್ಟಿಗೆಯಿಂದ ಹೊರತೆಗೆದ ಹೊತ್ತು, ಕುಲುಮೆಯ ಉಷ್ಣತೆ, ತೇವ ತಾಳದ ಭಾಗಗಳ ಪೊಟ್ಟಣ ಒಡೆದ ಗಳಿಗೆ ಎಲ್ಲವೂ ಆ ಸಂಖ್ಯೆಗೆ ಜೋಡಿಸಲ್ಪಡುತ್ತವೆ. ಕೆಲವು ಭಾಗಗಳನ್ನು ಪೊಟ್ಟಣ ಒಡೆದ 168 ಗಂಟೆಗಳೊಳಗೆ ಬೆಸೆಯಲೇಬೇಕು; ತಪ್ಪಿದರೆ ಒಳಸೇರಿದ ತೇವವು ಕುಲುಮೆಯಲ್ಲಿ ಆವಿಯಾಗಿ ಭಾಗವನ್ನು ಬಿರಿಯಿಸಬಹುದು.

ಇಷ್ಟೆಲ್ಲ ಏತಕ್ಕೆ? 2000ದ ದಶಕದ ಮೊದಲ ವರ್ಷಗಳಲ್ಲಿ ಜಗತ್ತಿನ ಹಲವೆಡೆ ಕಂಪ್ಯೂಟರುಗಳ ಕೆಪಾಸಿಟರುಗಳು ಉಬ್ಬಿ, ಸೋರಿ ಕೆಟ್ಟವು. ಅಂಥ ದೋಷ ಕಾರ್ಖಾನೆಯಲ್ಲಿ ಕಾಣದು. ತಿಂಗಳುಗಳ ಬಳಕೆಯ ಮೇಲೆ ತಲೆದೋರುತ್ತದೆ. 20,000 ಬೋರ್ಡುಗಳು ಹೊರಟುಹೋದ ಮೇಲೆ ಒಂದು ಲಾಟು ಕೆಟ್ಟದ್ದೆಂದು ತಿಳಿಯಿತೆನ್ನೋಣ. ದಾಖಲೆಯಿದ್ದರೆ ಆ ಲಾಟು ಸೇರಿದ 200 ಬೋರ್ಡುಗಳನ್ನಷ್ಟೇ ಹಿಂದಕ್ಕೆ ಕರೆಸಬಹುದು. ಇಲ್ಲದಿದ್ದರೆ 20,000ವನ್ನೂ ಶಂಕಿಸಬೇಕು. ಅವುಗಳಲ್ಲೊಂದು ಯಾರದೋ ಉಸಿರಾಟದ ಯಂತ್ರದಲ್ಲಿರಬಹುದು. ಆದುದರಿಂದಲೇ 2016ರಲ್ಲಿ ಹೊರಬಂದ ಐಪಿಸಿ-1782 ಎಂಬ ಮಾನದಂಡವು ಅಪಾಯ ಹೆಚ್ಚಿದಂತೆ ದಾಖಲೆಯೂ ಸೂಕ್ಷ್ಮವಾಗಬೇಕೆಂದು ಹಂತಗಳನ್ನು ಗೊತ್ತುಪಡಿಸಿದೆ.

ಯಂತ್ರವಿದ್ದ ಮಾತ್ರಕ್ಕೆ ಸತ್ಯ ಉಳಿಯದು. ಮುಗಿಯುತ್ತಿರುವ ರೀಲಿಗೆ ಹೊಸ ರೀಲನ್ನು ಅಂಟಿಸುವುದು ಮನುಷ್ಯನ ಕೈ. ನಡುರಾತ್ರಿಯ ಪಾಳಿಯಲ್ಲಿ ಗುರಿ ಮುಟ್ಟುವ ಆತುರವಿರುವಾಗ, ಚೀಟಿ ಹೊಂದದಿದ್ದರೆ ಸಾಲನ್ನು ನಿಲ್ಲಿಸಬೇಕು. “ಆಮೇಲೆ ಬರೆದುಕೊಳ್ಳೋಣ” ಎಂದೊಡನೆ ದಾಖಲೆ ಊಹೆಯಾಗುತ್ತದೆ. ಸುಳ್ಳು ದಾಖಲೆ, ದಾಖಲೆ ಇಲ್ಲದಿರುವುದಕ್ಕಿಂತಲೂ ಕೆಡುಕು. ಅದು ಹುಡುಕುವವರನ್ನು ತಪ್ಪುದಾರಿಗೆ ಎಳೆಯುತ್ತದೆ.

ಈ ಶಿಸ್ತು ನಮಗೆ ಹೊಸದಲ್ಲ. ಶಾಲೆಯ ದಾಖಲಾತಿ ಪುಸ್ತಕವನ್ನು ನೆನೆಯಿರಿ. ಜನನಪತ್ರವಿಲ್ಲದ ಎಷ್ಟೋ ಹಿರಿಯರಿಗೆ ಹುಟ್ಟಿದ ದಿನದ ಆಧಾರ ಅಂಥ ಪುಸ್ತಕವೇ. ತಿದ್ದುಪಡಿಯಾದಲ್ಲಿ ಹಳೆಯದು ಕಾಣುವಂತೆ ಒಂದೇ ಗೆರೆ ಎಳೆದು ಸಹಿ ಹಾಕುವ ಪದ್ಧತಿಯ ಅರ್ಥ ನಮಗೆ ಕಾರ್ಖಾನೆಯಲ್ಲಿ ಇನ್ನಷ್ಟು ತಿಳಿಯಿತು.

ಪೋಷಕರಲ್ಲಿ ಒಂದು ಮಾತು. ಕಾರ್ಖಾನೆಯ ಚೀಟಿಗಳು ಇಂಗ್ಲಿಷಿನಲ್ಲಿವೆ, ಪಾಳಿಯಲ್ಲಿ ತಮಿಳು, ಕನ್ನಡ, ತೆಲುಗು, ಹಿಂದಿ ಬೆರೆತಿವೆ. ಆ ಪದಗಳನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಏಕೆ, ಹೇಗೆ ಎಂದು ಕೇಳುವ ಬುದ್ಧಿ ಮಾತ್ರ ಎಳವೆಯಲ್ಲೇ ಬಲಿಯಬೇಕು; ನಮಗೆ ಅದು ಕನ್ನಡದಲ್ಲಿ ಬಲಿಯಿತು.

ಗುರುಗಳಲ್ಲಿ ಒಂದು ಬಿನ್ನಹ. ಪ್ರಯೋಗದ ಪುಸ್ತಕದಲ್ಲಿ ಮಕ್ಕಳು ಪಠ್ಯದ ಉತ್ತರವನ್ನಲ್ಲ, ಕಂಡ ಅಳತೆಯನ್ನೇ ಬರೆಯಲಿ. ಹೊಂದದಿದ್ದರೂ ಅಂಕ ಕಡಿಯಬೇಡಿ. ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯವುಳ್ಳವರು ಈ ನಾಡಿನ ಕಾರ್ಖಾನೆಗಳಿಗೆ ಬೇಕಾಗಿದ್ದಾರೆ.