ಎಣ್ಣೆ ಯಾಕೆ ಕಪ್ಪಾಯಿತು?

ಬೆಳಗಿನ ಹೊತ್ತು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗಿದ್ದೀಯಾ? ಉಳ್ಳಾಗಡ್ಡಿ ಚೀಲ ಹೇರಿಕೊಂಡ ಪುಟ್ಟ ಪುಟ್ಟ ಗಾಡಿಗಳು ಅಲ್ಲಿ ಓಡಾಡುತ್ತಿರುತ್ತವೆ. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಸಾಮಾನು ತುಂಬಲು ತೆರೆದ ಭಾಗ. ಕೆಲವರು ಪಿಕಪ್ ಅನ್ನುತ್ತಾರೆ, ಕೆಲವರು ಟಾಟಾ ಏಸ್ ಅನ್ನುತ್ತಾರೆ, ಛೋಟಾ ಹಾಥಿ ಅಂತ ಪ್ರೀತಿಯಿಂದ ಕರೆಯುವವರೂ ಇದ್ದಾರೆ. ಇವತ್ತು ನಾವಿಬ್ಬರೂ ಅಂಥದ್ದೊಂದು ಗಾಡಿಯ ಜೊತೆ ಗ್ಯಾರೇಜಿಗೆ ಹೋಗೋಣ. ಗಾಡಿ ಕೆಟ್ಟಿಲ್ಲ. ಚೆನ್ನಾಗಿ ಓಡುತ್ತಿರುವ ಗಾಡಿಯನ್ನೇ ನಿಲ್ಲಿಸಿ ಸರ್ವಿಸ್ ಮಾಡಿಸುತ್ತಾರಲ್ಲ, ಅದು ಯಾಕೆ ಅಂತ ನೋಡುವುದೇ ನಮ್ಮ ಕೆಲಸ.

ಟಾಟಾ ಏಸ್ ಮೊದಲು ರಸ್ತೆಗಿಳಿದದ್ದು 2005ರಲ್ಲಿ. ಆಗ ಅದಕ್ಕಿದ್ದದ್ದು ಎರಡೇ ಸಿಲಿಂಡರಿನ, 702 ಸಿಸಿಯ ಡೀಸೆಲ್ ಎಂಜಿನ್. ಏಸ್‌ಗಿಂತಲೂ ಚಿಕ್ಕದಾದ ಏಸ್ ಜಿಪ್ ಎಂಬ ಗಾಡಿ ತಯಾರಾದದ್ದು ನಮ್ಮ ಧಾರವಾಡದಲ್ಲೇ, ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ.

ಈಗ ಎಂಜಿನ್ನಿನ ಒಳಗಿನ ಚಿತ್ರವನ್ನು ಮನಸ್ಸಿನಲ್ಲಿ ಬರೆದುಕೊಳ್ಳೋಣ. ಸಿಲಿಂಡರ್ ಎಂದರೆ ಒಳಮೈ ನುಣ್ಣಗಿರುವ ಗಟ್ಟಿ ಲೋಹದ ಕೊಳವೆ. ಅದರೊಳಗೆ ಮೇಲೆ ಕೆಳಗೆ ಓಡಾಡುವ ಲೋಹದ ಬಿರಡೆಯೇ ಪಿಸ್ಟನ್. ಒಂದು ಸಿಸಿ ಎಂದರೆ ಒಂದು ಮಿಲಿಲೀಟರ್ ಜಾಗ. 702ನ್ನು ಎರಡು ಸಿಲಿಂಡರುಗಳಿಗೆ ಹಂಚಿದರೆ ಒಂದೊಂದಕ್ಕೆ 351 ಮಿಲಿಲೀಟರ್ ಬಂತು. ಪಿಸ್ಟನ್ ಕೆಳಗಿಳಿದಾಗ ಅಷ್ಟು ಗಾಳಿ ಒಳಗೆ ಬರುತ್ತದೆ. ಮೇಲೇರುವಾಗ ಪಿಸ್ಟನ್ ಆ ಗಾಳಿಯನ್ನೆಲ್ಲ ಒತ್ತಿ, ಬರೀ ಮೂರು ನಾಲ್ಕು ಚಹಾ ಚಮಚ ಹಿಡಿಸುವಷ್ಟು ಜಾಗಕ್ಕೆ ತುರುಕಿಬಿಡುತ್ತದೆ.

ಗಾಳಿಯನ್ನು ಹೀಗೆ ಒತ್ತಿದರೆ ಅದು ಬಿಸಿಯಾಗುತ್ತದೆ. ನಂಬಿಕೆ ಬಾರದಿದ್ದರೆ ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪು ತಗೊಂಡು ಜೋರಾಗಿ ಹೊಡೆ. ಆಮೇಲೆ ಅದರ ಬುಡ ಮುಟ್ಟಿ ನೋಡು, ಬೆಚ್ಚಗಾಗಿರುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಎಷ್ಟು ಬಲವಾಗಿ ಒತ್ತುತ್ತದೆಂದರೆ ಶಾಖ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಡೀಸೆಲ್ಲನ್ನು ಸಣ್ಣ ತುಂತುರಾಗಿ ಒಳಗೆ ಚಿಮ್ಮಿಸಿದರೆ ಮುಗಿಯಿತು, ಅದು ತಾನೇ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರುವುದು ಬೇಡ, ಕಿಡಿಯೂ ಬೇಡ. ಉರಿದ ಅನಿಲ ಹಿಗ್ಗಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ, ಆ ತಳ್ಳುವಿಕೆಯೇ ಕೊನೆಗೆ ಗಾಲಿ ತಿರುಗಿಸುತ್ತದೆ.

ಇಂಥ ಎಂಜಿನ್ನನ್ನು ಮೊದಲು ಮಾಡಿ ತೋರಿಸಿದವರು ರುಡಾಲ್ಫ್ ಡೀಸೆಲ್. ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ 1897ರಲ್ಲಿ ಅವರ ಎಂಜಿನ್ ಸರಿಯಾಗಿ ಓಡಿ ಜನ ಬೆರಗಾದರು. ನನಗೆ ಅದಕ್ಕಿಂತ ಇಷ್ಟವಾದ ಸಂಗತಿ ಇನ್ನೊಂದಿದೆ. 1900ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ ಒಂದು ಚಿಕ್ಕ ಡೀಸೆಲ್ ಎಂಜಿನ್ ಓಡಿದ್ದು ಶೇಂಗಾ ಎಣ್ಣೆಯ ಮೇಲೆ! ಹೌದು, ನಿಮ್ಮ ಮನೆಯಲ್ಲಿ ಒಗ್ಗರಣೆ ಹಾಕುವ ಅದೇ ಶೇಂಗಾ ಎಣ್ಣೆ. ಹಾಗಂತ ಯಾರೂ ಇವತ್ತಿನ ಗಾಡಿಗೆ ಅಡುಗೆ ಎಣ್ಣೆ ಸುರಿಯಬಾರದು. ಇವತ್ತಿನ ಎಂಜಿನ್ನುಗಳು ತೆಳುವಾದ ಡೀಸೆಲ್ಲಿಗೆಂದೇ ತಯಾರಾದವು.

ನಾವು ಗ್ಯಾರೇಜಿಗೆ ಬಂದದ್ದು ಬೇರೊಂದು ಎಣ್ಣೆ ನೋಡಲು. ಡೀಸೆಲ್ ಉರಿಯುವ ಎಣ್ಣೆ, ಎಂಜಿನ್ ಆಯಿಲ್ ಉರಿಯದೆ ಒಳಗೇ ಇರುವ ಎಣ್ಣೆ. ಅದು ಯಾಕೆ ಬೇಕೆಂದು ತಿಳಿಯಲು ಎರಡೂ ಅಂಗೈಗಳನ್ನು ಜೋರಾಗಿ ಉಜ್ಜಿ ನೋಡು. ಸುರುಸುರು ಬಿಸಿಯಾಯಿತಲ್ಲ? ಈಗ ಒಂದು ಹನಿ ಎಣ್ಣೆ ಹಾಕಿಕೊಂಡು ಉಜ್ಜು. ಕೈ ಜಾರುತ್ತದೆ, ಮೊದಲಿನಷ್ಟು ಬಿಸಿಯಾಗುವುದಿಲ್ಲ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಪಿಸ್ಟನ್ ಒಂದೇ ಸೆಕೆಂಡಿನಲ್ಲಿ 33 ಸಲ ಮೇಲೇರಿ ಕೆಳಗಿಳಿದಿರುತ್ತದೆ. ನೀನು ‘ಒಂದು’ ಅನ್ನುವಷ್ಟರಲ್ಲಿ ಮೂವತ್ತಮೂರು ಸಲ! ಎಣ್ಣೆಯಿಲ್ಲದೆ ಲೋಹಕ್ಕೆ ಲೋಹ ಹೀಗೆ ಉಜ್ಜಿದರೆ ಎರಡೂ ಕಾದು, ಸವೆದು, ಕೊನೆಗೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಎಂಜಿನ್ ಸೀಜ್ ಆಯಿತು ಎಂದು ಗ್ಯಾರೇಜಿನಲ್ಲಿ ಹೇಳುವುದು ಇದಕ್ಕೇ.

ಉಜ್ಜಾಡುವ ಭಾಗಗಳ ನಡುವೆ ನಿಂತು ಅವನ್ನು ಕಾಯುವ ಎಣ್ಣೆಯ ಪದರ ಎಷ್ಟು ದಪ್ಪ ಇರಬಹುದು, ಊಹಿಸು. ನಿನ್ನ ತಲೆಯ ಒಂದು ಕೂದಲನ್ನು ಉದ್ದಕ್ಕೆ ಹತ್ತಿಪ್ಪತ್ತು ಎಳೆಯಾಗಿ ಸೀಳಿದರೆ ಒಂದೊಂದು ಎಳೆ ಎಷ್ಟು ತೆಳುವೋ, ಹೆಚ್ಚುಕಡಿಮೆ ಅಷ್ಟೇ. ಚೀಲಗಟ್ಟಲೆ ಉಳ್ಳಾಗಡ್ಡಿ ಎಳೆಯುವ ಎಂಜಿನ್ ಬದುಕಿರುವುದು ಅಷ್ಟು ತೆಳುವಾದ ಪದರದಿಂದ.

ಬಾ, ಮಿಸ್ತ್ರಿ ಕಾಕಾ ಕೆಲಸ ಶುರುಮಾಡಿದ್ದಾರೆ. ಗಾಡಿಯ ಕೆಳಗೆ ಡಬ್ಬಿ ಇಟ್ಟು, ಪಾನಾ ಹಾಕಿ ಎಂಜಿನ್ನಿನ ತಳದ ಬೋಲ್ಟು ಬಿಚ್ಚಿದರು. ತಳದಲ್ಲಿರುವ ಎಣ್ಣೆಯ ತೊಟ್ಟಿಗೆ ಅವರು ಚೇಂಬರ್ ಅನ್ನುತ್ತಾರೆ. ಒಳಗಿನ ಪಂಪು ಎಣ್ಣೆಯನ್ನು ಅಲ್ಲಿಂದ ಮೇಲಕ್ಕೆತ್ತಿ ಎಲ್ಲ ಕಡೆ ಕಳಿಸುತ್ತದೆ, ಎಣ್ಣೆ ಇಳಿದು ಮತ್ತೆ ಅಲ್ಲಿಗೇ ಬರುತ್ತದೆ. ಈಗ ಬೋಲ್ಟಿನ ತೂತಿನಿಂದ ಸುರಿಯುತ್ತಿರುವ ಎಣ್ಣೆ ನೋಡು, ಕಾಡಿಗೆಯ ಬಣ್ಣ! ಹೋದ ಸರ್ವಿಸ್‌ನಲ್ಲಿ ಹಾಕಿದಾಗ ಇದೇ ಎಣ್ಣೆ ಜೇನಿನ ಬಣ್ಣದ್ದಾಗಿತ್ತು.

“ಕಾಕಾ, ಎಣ್ಣಿ ಪೂರಾ ಕೆಟ್ಟೈತೇನ್ರಿ?” ಅಂತ ಕೇಳಿದರೆ ಅವರು ನಗುತ್ತಾರೆ. “ಕೆಟ್ಟಿಲ್ಲ. ದುಡದೈತಿ.”

ಈ ಮಾತು ನಿಂತು ಯೋಚಿಸುವಂಥದ್ದು. ಡೀಸೆಲ್ ಉರಿಯುವಾಗ ಸ್ವಲ್ಪ ಮಸಿ ಹುಟ್ಟುತ್ತದೆ. ಅದರಲ್ಲಿ ಒಂದಿಷ್ಟು ಪಿಸ್ಟನ್ನಿನ ಪಕ್ಕದಿಂದ ನುಸುಳಿ ಕೆಳಗಿನ ಎಣ್ಣೆಗೆ ಸೇರುತ್ತದೆ. ಅದಕ್ಕೆಂದೇ ಎಂಜಿನ್ ಆಯಿಲ್‌ಗೆ ಕೆಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅವು ಮಸಿಯ ಕಣಗಳನ್ನು ಸುತ್ತುವರಿದು, ಒಂದಕ್ಕೊಂದು ಅಂಟದಂತೆ, ಲೋಹದ ಮೇಲೆ ಕೂರದಂತೆ ಎಣ್ಣೆಯಲ್ಲೇ ತೇಲಿಸಿ ಇಡುತ್ತವೆ.

ಮನೆಯಲ್ಲಿ ಅವ್ವ ನೆಲ ವರೆಸುವಾಗ ಬಕೆಟ್ಟಿನ ನೀರು ನೋಡಿದ್ದೀಯಾ? ಶುರುವಿನಲ್ಲಿ ತಿಳಿಯಾಗಿರುತ್ತದೆ. ಪಡಸಾಲೆ ಮುಗಿಯುವಷ್ಟರಲ್ಲಿ ಕಂದು, ಅಡುಗೆಮನೆ ಮುಗಿಯುವಷ್ಟರಲ್ಲಿ ಕಪ್ಪು. ಆ ನೀರು ಕೆಟ್ಟುಹೋಯಿತು ಎಂದು ಯಾರೂ ಬೈಯುವುದಿಲ್ಲ. ನೆಲದ ಕೊಳೆ ನೀರಿಗೆ ಬಂದಿದೆ, ಅಷ್ಟೇ. ಎಲ್ಲ ವರೆಸಿದ ಮೇಲೂ ನೀರು ತಿಳಿಯಾಗಿಯೇ ಇದ್ದರೆ ಅನುಮಾನ ಪಡಬೇಕು, ಕೊಳೆ ನೆಲದಲ್ಲೇ ಉಳಿಯಿತೇನೋ ಎಂದು. ಆದರೆ ಅದೇ ಕರಿ ನೀರಿನಲ್ಲಿ ಇನ್ನೂ ಎರಡು ಕೋಣೆ ವರೆಸಹೋದರೆ? ನೆಲದ ತುಂಬ ಗೆರೆ ಗೆರೆ ಕೊಳೆ. ಆಗ ಅವ್ವ ಬಕೆಟ್ ಚೆಲ್ಲಿ ಹೊಸ ನೀರು ಹಿಡಿಯುತ್ತಾರೆ. ಎಂಜಿನ್ ಎಣ್ಣೆ ಬದಲಿಸುವುದೂ ಇದೇ. ಡೀಸೆಲ್ ಗಾಡಿಯಲ್ಲಿ ಹೊಸ ಎಣ್ಣೆ ಬೇಗನೆ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಇನ್ನು ಹಿಡಿಯಲಾರೆ ಎನ್ನುವಷ್ಟು ಮಸಿ ತುಂಬುವ ಮೊದಲೇ ಬದಲಿಸಬೇಕು.

ಅದು ಯಾವಾಗ ಎಂದು ಬಣ್ಣ ನೋಡಿ ಹೇಳಲಾಗದು. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು, ಎಂದು ಬರೆದಿರುತ್ತದೆ. ಕಿಲೋಮೀಟರ್ ಸರಿ, ತಿಂಗಳು ಯಾಕೆ? ಇಲ್ಲೊಂದು ಸೋಜಿಗವಿದೆ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ! ಆವಿಯಾಗಿ ಹೊಗೆಕೊಳವೆಯಿಂದ ಹೋಗುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹುಬ್ಬಳ್ಳಿಯಿಂದ ಬೆಳಗಾವಿಗೆ ಓಡಿದ ಎಂಜಿನ್ ಚೆನ್ನಾಗಿ ಕಾದು, ಒಳಗೆ ನುಸುಳಿದ ತೇವವನ್ನೂ ಆರಿಸಿಬಿಡುತ್ತದೆ. ಎರಡು ಓಣಿ ದಾಟಿ ನಿಲ್ಲುವ ಗಾಡಿಯ ಎಂಜಿನ್ ಅಷ್ಟು ಕಾಯುವುದೇ ಇಲ್ಲ, ತೇವ ಎಣ್ಣೆಯಲ್ಲೇ ಉಳಿಯುತ್ತದೆ. ಕಡಿಮೆ ಓಡಿದ ಗಾಡಿಗೂ ಸರ್ವಿಸ್ ಬೇಕಾಗುವುದು ಇದರಿಂದ.

ಈಗ ಕಾಕಾ ಇನ್ನೊಂದು ಡಬ್ಬಿ ಬಿಚ್ಚಿ, ಮಡಿಕೆ ಮಡಿಕೆಯಾದ ಕಾಗದದ ಏರ್ ಫಿಲ್ಟರ್ ಹೊರಗೆ ತೆಗೆದರು. ಎಂಜಿನ್ ಉಸಿರಾಡುವುದು ಇದರ ಮೂಲಕ. ಒಂದು ಲೀಟರ್ ಡೀಸೆಲ್ ಉರಿಯಲು ಕಡಿಮೆಯೆಂದರೂ 10,000 ಲೀಟರ್ ಗಾಳಿ ಬೇಕು. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಕೋಣೆಯಲ್ಲಿರುವ ಅಷ್ಟೂ ಗಾಳಿ! ಬೇಸಿಗೆಯಲ್ಲಿ ನಮ್ಮ ಎರೆಹೊಲಗಳ ದಾರಿಯ ಧೂಳು ಗೊತ್ತಲ್ಲ, ಅದೂ ಈ ಗಾಳಿಯ ಜೊತೆ ಬರುತ್ತದೆ. ಧೂಳಿನಲ್ಲಿರುವ ಮರಳಿನ ಕಣ ಸಿಲಿಂಡರಿನ ಲೋಹಕ್ಕಿಂತ ಗಟ್ಟಿ. ಒಳಗೆ ಹೋದರೆ ಕೆರೆದು ಗೀರು ಹಾಕುತ್ತದೆ.

ಕಾಗದವನ್ನು ಯಾಕೆ ಮಡಚಿದ್ದಾರೆ, ಹೇಳು ನೋಡೋಣ. ಒಂದು ದೊಡ್ಡ ಹಾಳೆಯನ್ನು ಬೀಸಣಿಗೆ ಮಾಡಲು ಮಡಚುತ್ತೀಯಲ್ಲ, ಹಾಗೆ ಮಡಚಿ ನೋಡು. ಕಾಗದ ಅಷ್ಟೇ ಇದೆ, ಹಿಡಿಸುವ ಜಾಗ ಮಾತ್ರ ಚಿಕ್ಕದಾಯಿತು. ಚಿಕ್ಕ ಡಬ್ಬಿಯಲ್ಲಿ ದೊಡ್ಡ ಹಾಳೆ ಕೂರಿಸಿದರೆ ಧೂಳು ಹಿಡಿಯಲು ಹೆಚ್ಚು ಜಾಗ, ಗಾಳಿ ನುಗ್ಗಲು ಹೆಚ್ಚು ದಾರಿ. ಮಡಿಕೆಗಳೆಲ್ಲ ಮುಚ್ಚಿಹೋದರೆ ಎಂಜಿನ್ನಿಗೆ ಸಾಕಷ್ಟು ಗಾಳಿ ಸಿಗದೆ ಡೀಸೆಲ್ ಅರೆಬರೆ ಉರಿದು ಕರಿ ಹೊಗೆ ಬರುತ್ತದೆ. ಆಗ ಎಣ್ಣೆಗೂ ಹೆಚ್ಚು ಮಸಿ. ಒಂದರ ಕಷ್ಟ ಇನ್ನೊಂದರ ತಲೆಗೆ.

ಡೀಸೆಲ್ ಸೋಸಲು ಬೇರೆ ಫಿಲ್ಟರ್, ಎಣ್ಣೆ ಸೋಸಲು ಬೇರೆ. ಅವು ಮುಚ್ಚಿದ ಡಬ್ಬಿಗಳು, ಹೊರಗಿಂದ ಏನೂ ಕಾಣದು. ಹಳತು ಬಿಚ್ಚಿ ಹೊಸದು ಹಾಕಿದರಾಯಿತು.

ರೇಡಿಯೇಟರ್ ಹತ್ತಿರ ಮಾತ್ರ ಸ್ವಲ್ಪ ದೂರ ನಿಲ್ಲು. ಡೀಸೆಲ್ ಉರಿದು ಬಂದ ಶಕ್ತಿಯಲ್ಲಿ ಗಾಡಿ ಎಳೆಯುವುದಕ್ಕೆ ಸಿಗುವುದು ಸರಿಸುಮಾರು ಮೂರರಲ್ಲಿ ಒಂದು ಪಾಲು. ಉಳಿದದ್ದು ಶಾಖ. ಒಂದಿಷ್ಟು ಹೊಗೆಯ ಜೊತೆ ಹೋದರೆ, ಒಂದಿಷ್ಟನ್ನು ಎಂಜಿನ್ನಿನ ಸುತ್ತ ಹರಿಯುವ ಕೂಲಂಟ್ ಎಂಬ ದ್ರವ ಹೊತ್ತು ತಂದು ಇಲ್ಲಿ ಗಾಳಿಗೆ ಬಿಡುತ್ತದೆ. ಮುಚ್ಚಳ ಬಿಗಿಯಾಗಿರುವುದರಿಂದ ಒಳಗೆ ಒತ್ತಡ ಹೆಚ್ಚಿ, 100 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಕುದಿನೀರು ಮುಖಕ್ಕೇ ಎರಚುತ್ತದೆ. ದೊಡ್ಡವರೂ ಎಂಜಿನ್ ತಣ್ಣಗಾಗುವವರೆಗೆ ಮುಟ್ಟಬಾರದು. ಕೂಲಂಟ್ ಬದಲು ಬೋರ್‌ವೆಲ್ ನೀರು ಸುರಿಯುವವರೂ ಇದ್ದಾರೆ, ನನಗದು ಸರಿ ಕಾಣದು. ಗಡಸು ನೀರಿನ ಸುಣ್ಣ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಕೂಲಂಟ್ ತುಕ್ಕನ್ನೂ ತಡೆಯುತ್ತದೆ.

ಕೆಳಗೆ ಡಬ್ಬಿ ತುಂಬಿತು ನೋಡು. ಈ ಕರಿ ಎಣ್ಣೆಯನ್ನು ಚರಂಡಿಗೆ ಚೆಲ್ಲಿದರೆ ಮಳೆನೀರಿನ ಜೊತೆ ಹರಿದು ಕೆರೆ ಸೇರುತ್ತದೆ, ನೀರಿನ ಮೇಲೆ ಹರಡಿಕೊಳ್ಳುತ್ತದೆ. ನಮ್ಮ ದೇಶದ ನಿಯಮದಂತೆ ಇದು ಅಪಾಯಕಾರಿ ತ್ಯಾಜ್ಯ. ಪರವಾನಗಿ ಇರುವವರು ಸಂಗ್ರಹಿಸಿ ಒಯ್ಯಬೇಕು. ಅವರ ಕಾರ್ಖಾನೆಯಲ್ಲಿ ಮಸಿ, ನೀರು, ಲೋಹದ ಪುಡಿ ಎಲ್ಲ ಬೇರೆ ಮಾಡಿದರೆ ಮೂಲ ಎಣ್ಣೆ ಮತ್ತೆ ಕೈಗೆ ಸಿಗುತ್ತದೆ, ಮತ್ತೆ ಎಂಜಿನ್ ಆಯಿಲ್ ಆಗಬಲ್ಲದು. ಕಾಕಾ ಕೆಟ್ಟಿಲ್ಲ ಅಂದದ್ದು ಸುಮ್ಮನೆ ಅಲ್ಲ.

ಬೋಲ್ಟು ಬಿಗಿದು ಹೊಸ ಎಣ್ಣೆ ಸುರಿದದ್ದಾಯಿತು. ಉದ್ದನೆಯ ಗೇಜ್ ಕಡ್ಡಿ ಹೊರಗೆಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಅದ್ದಿ ತೆಗೆದು ನಿನಗೆ ತೋರಿಸುತ್ತಾರೆ. ಎರಡು ಗುರುತುಗಳಲ್ಲಿ ಮೇಲಿನದಕ್ಕೆ ಸರಿಯಾಗಿ ಎಣ್ಣೆ ನಿಂತಿದೆ. ಆಮೇಲೆ ಎಂಜಿನ್ ಶುರುಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆರಿಸಿ, ಎಣ್ಣೆ ಕೆಳಗಿಳಿಯಲು ಬಿಟ್ಟು ಮತ್ತೆ ಅಳೆಯುತ್ತಾರೆ. ಈ ಸಲ ಮಟ್ಟ ಕೆಳಗಿದೆ! ಎಲ್ಲೂ ಸೋರಿಲ್ಲ, ನೆಲ ಒಣಗಿಯೇ ಇದೆ. ಹಾಗಾದರೆ ಎಣ್ಣೆ ಎಲ್ಲಿಗೆ ಹೋಯಿತು?

ಎಣ್ಣೆ ಸೋಸುವ ಹೊಸ ಫಿಲ್ಟರ್ ಖಾಲಿ ಇತ್ತಲ್ಲ, ಎಂಜಿನ್ ತಿರುಗಿದಾಗ ಅದು ತನ್ನ ಪಾಲು ತುಂಬಿಕೊಂಡಿತು. ಕಾಕಾ ಕಡಿಮೆಬಿದ್ದಷ್ಟನ್ನು ಸುರಿದು ಮುಚ್ಚಳ ತಿರುಗಿಸುತ್ತಿದ್ದಾರೆ.