ಅಲೆ ನಿಂತಿರೋದು ಮರಳಿನ ಮೇಲೆ ಸ್ವಾಮೀ!

ಇವತ್ತು ರಾಜಕೀಯ ಇಲ್ಲ. ಯಾವ ಪಕ್ಷದ ಯಾವ ಶಾಸಕರು ಯಾರ ಮನೆಯಲ್ಲಿ ಊಟ ಮಾಡಿದರು ಅನ್ನೋದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಇವತ್ತು ನಿಮ್ಮನ್ನು ಮಂಗಳೂರಿನಿಂದ ಉತ್ತರಕ್ಕೆ, ಸುರತ್ಕಲ್ ದಾಟಿ, ಮೂಲ್ಕಿ ಹತ್ತಿರದ ಸಸಿಹಿತ್ಲು ಅನ್ನೋ ಊರಿಗೆ ಕರಕೊಂಡು ಹೋಗ್ತೀನಿ. ಶಾಂಭವಿ, ನಂದಿನಿ ಎಂಬ ಎರಡು ನದಿಗಳು ಅಲ್ಲಿ ಒಂದಾಗಿ ಅರಬ್ಬಿ ಸಮುದ್ರ ಸೇರುತ್ತವೆ. ಹೀಗೆ ನದಿ ಕಡಲು ಸೇರುವ ಬಾಯಿಗೆ ನಮ್ಮ ಕರಾವಳಿಯ ಜನ ಇಟ್ಟಿರುವ ಹೆಸರು ಅಳಿವೆ. ಈ ಅಳಿವೆಯ ಅಲೆಗಳ ಮೇಲೆ ನಮ್ಮ ಹುಡುಗರು ಹಲಗೆ ಹಾಕಿಕೊಂಡು ಸವಾರಿ ಮಾಡ್ತಾರೆ. ಅದಕ್ಕೆ ಸರ್ಫಿಂಗ್ ಅಂತಾರೆ.

‘ಇದೇನ್ರೀ, ದುಡ್ಡಿದ್ದವರ ಶೋಕಿ ಬಗ್ಗೆ ನಮಗ್ಯಾಕೆ ಹೇಳ್ತೀರಿ’ ಅಂತ ನಿಮ್ಮಲ್ಲಿ ಕೆಲವರು ಈಗಲೇ ರಿಮೋಟ್ ಹುಡುಕ್ತಿರಬಹುದು. ಒಂದು ನಿಮಿಷ ತಡೀರಿ. ನಾನು ಹೇಳಹೊರಟಿರೋದು ಆಟದ ಕಥೆ ಹೌದು. ಆದರೆ ಅದರ ಹೊಟ್ಟೆಯಲ್ಲಿ ನಿಮ್ಮ ಮನೆ ಗೋಡೆಗೆ ಹಾಕಿದ ಮರಳಿನ ಕಥೆಯೂ ಇದೆ, ಅಳಿವೆ ಬಾಗಿಲಲ್ಲಿ ಮಗುಚುವ ದೋಣಿಯ ಕಥೆಯೂ ಇದೆ, ರಜೆಯಲ್ಲಿ ಬೀಚಿಗೆ ಹೋಗಿ ಹೆಣವಾಗಿ ವಾಪಸ್ ಬರುವ ಮಕ್ಕಳ ಕಥೆಯೂ ಇದೆ.

ಮೊದಲು ಆ ‘ಶೋಕಿ’ ಅನ್ನೋ ಮಾತನ್ನು ಮುಗಿಸೋಣ. ಭಾರತದ ಮೊದಲ ಸರ್ಫಿಂಗ್ ಕ್ಲಬ್ ಅಂತ ಹೆಸರಾಗಿರುವ ಮಂತ್ರ ಸರ್ಫ್ ಕ್ಲಬ್ ಶುರುವಾಗಿದ್ದು 2004ರಲ್ಲಿ. ಎಲ್ಲಿ? ಮುಂಬೈನಲ್ಲಾ? ಗೋವಾದಲ್ಲಾ? ಇಲ್ಲ ಸ್ವಾಮಿ, ನಮ್ಮ ಮೂಲ್ಕಿಯಲ್ಲಿ. ಅಮೆರಿಕದಿಂದ ಬಂದು ಇಲ್ಲಿ ಆಶ್ರಮ ಕಟ್ಟಿಕೊಂಡ ಜಾಕ್ ಹೆಬ್ನರ್ ಎಂಬ ಸನ್ಯಾಸಿ ಅದರ ಹಿಂದಿದ್ದವರು. ‘ಸರ್ಫಿಂಗ್ ಸ್ವಾಮಿ’ ಅಂತಲೇ ಜನ ಅವರನ್ನು ಕರೆದರು. 2016ರ ಮೇ ತಿಂಗಳಲ್ಲಿ ಇದೇ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಸರ್ಫಿಂಗ್ ಮೊದಲ ಸಲ ಪದಕದ ಆಟವಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಒಳ್ಳೆ ಅಲೆ ಬೇಕು ಅಂತ, ಪ್ಯಾರಿಸ್‌ನಿಂದ ಹದಿನೈದು ಸಾವಿರ ಕಿಲೋಮೀಟರ್ ದೂರದ ತಹೀತಿ ದ್ವೀಪಕ್ಕೆ ಹೋಗಿ ಸ್ಪರ್ಧೆ ಮಾಡಿದರು! ನಮ್ಮವರು? 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬುದಿಹಾಳ್ ಕಂಚು ಗೆದ್ದರು. ಆ ಕೂಟದಲ್ಲಿ ಭಾರತೀಯನೊಬ್ಬ ವೈಯಕ್ತಿಕ ಪದಕ ಗೆದ್ದಿದ್ದು ಅದೇ ಮೊದಲು.

ಕಡಲ ಮಕ್ಕಳಿಗೆ ಈ ಆಟ ಹೇಗೆ ಒಲಿಯುತ್ತೆ ಅನ್ನೋದನ್ನು ನಾನು ದಡದಲ್ಲಿ ನಿಂತು ನೋಡಿದ್ದೇನೆ. ಪೇಟೆಯಿಂದ ಬಂದವನು ಹಲಗೆ ಮೇಲೆ ಎದ್ದು ನಿಲ್ಲೋದಕ್ಕೆ ಇಡೀ ಬೆಳಗ್ಗೆ ಒದ್ದಾಡ್ತಾನೆ. ಮೀನುಗಾರರ ಮನೆಯ ಹುಡುಗ ಹತ್ತು ಅಲೆಗಳನ್ನು ಸುಮ್ಮನೆ ಹೋಗೋಕೆ ಬಿಟ್ಟು, ಹನ್ನೊಂದನೆಯದಕ್ಕೆ ಕೈ ಹಾಕಿ ಎದ್ದು ನಿಂತುಬಿಡ್ತಾನೆ. ಯಾವ ಅಲೆ ತನ್ನದು ಅಂತ ಅವನಿಗೆ ಗೊತ್ತು. ಅದನ್ನು ಯಾವ ಕೋಚಿಂಗ್ ಸೆಂಟರ್ ಕೂಡಾ ಹೇಳಿಕೊಡೋದಿಲ್ಲ.

ಈಗ ಅಸಲಿ ವಿಷಯಕ್ಕೆ ಬರೋಣ. ಸಮುದ್ರ ಎಲ್ಲ ಕಡೆ ಇದೆ, ಅಲೆ ಎಲ್ಲ ಕಡೆ ಇದೆ. ಹಾಗಾದರೆ ಸರ್ಫಿಂಗ್ ಮಾಡೋರು ಅಳಿವೆ ಬಾಯನ್ನೇ ಯಾಕೆ ಹುಡುಕಿಕೊಂಡು ಹೋಗ್ತಾರೆ?

ನೋಡಿ, ಅಲೆ ಹುಟ್ಟೋದು ದಡದಲ್ಲಲ್ಲ. ಎಲ್ಲೋ ಸಾವಿರಾರು ಕಿಲೋಮೀಟರ್ ದೂರದಲ್ಲಿ, ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಬಿರುಗಾಳಿ ಎದ್ದಿರುತ್ತೆ. ಆ ಗಾಳಿ ನೀರಿಗೆ ಕೊಟ್ಟ ಪೆಟ್ಟು ಅಲೆಯಾಗಿ ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬರುತ್ತೆ. ಇಲ್ಲಿ ಗಾಳಿಯೇ ಇಲ್ಲ, ಆಕಾಶ ಶುಭ್ರವಾಗಿದೆ, ಆದರೂ ಇದ್ದಕ್ಕಿದ್ದಂತೆ ಕಡಲು ಉಕ್ಕಿ ಅಂಗಳಕ್ಕೆ ನುಗ್ಗುತ್ತೆ. ಕೇರಳದವರು ಇದಕ್ಕೆ ‘ಕಳ್ಳಕ್ಕಡಲ್’ ಅಂತ ಹೆಸರಿಟ್ಟಿದ್ದಾರೆ. ಕಳ್ಳನ ಹಾಗೆ ಬರುವ ಕಡಲು!

ಹೀಗೆ ಬಂದ ಅಲೆ ಆಳದ ನೀರಿನಲ್ಲಿ ಸುಮ್ಮನೆ ಏರಿಳಿಯುತ್ತಾ ಸಾಗುತ್ತೆ. ನೀರು ಆಳ ಕಡಿಮೆಯಾದಾಗ ಅದರ ಕಾಲು ನೆಲಕ್ಕೆ ತಾಗುತ್ತೆ. ಕಾಲು ನಿಧಾನವಾಗುತ್ತೆ, ತಲೆ ಮುಂದೆ ಓಡುತ್ತೆ, ಎಡವಿದವನ ಹಾಗೆ ಅಲೆ ಮುಗ್ಗರಿಸಿ ಮುರಿಯುತ್ತೆ. ಐದು ಅಡಿ ಎತ್ತರದ ಅಲೆ ಸುಮಾರು ಆರೂವರೆ ಅಡಿ ಆಳದ ನೀರಿಗೆ ಬರುತ್ತಿದ್ದಂತೆ ಮುರಿಯೋದಕ್ಕೆ ಶುರುಮಾಡುತ್ತೆ. ಎಲ್ಲ ಕಡೆ ಒಂದೇ ಸಮ ಆಳ ಇದ್ದರೆ ಇಡೀ ಅಲೆ ಒಂದೇ ಏಟಿಗೆ ದಬ್ ಅಂತ ಬೀಳುತ್ತೆ. ಅಂಥ ಅಲೆಯಲ್ಲಿ ಸವಾರಿ ಮಾಡೋಕಾಗಲ್ಲ. ಸವಾರಿಗೆ ಬೇಕಾದದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಸೀರೆ ಸೆರಗು ಬಿಚ್ಚಿಕೊಳ್ಳುವ ಹಾಗೆ ಮುರಿಯುತ್ತಾ ಹೋಗುವ ಅಲೆ. ಅದು ಆಗಬೇಕಾದರೆ ನೀರಿನ ಕೆಳಗೆ ಓರೆಯಾಗಿ ಮಲಗಿದ ಒಂದು ದಿಬ್ಬ ಇರಬೇಕು.

ಆ ದಿಬ್ಬವನ್ನು ಕಟ್ಟೋರು ಯಾರು? ನದಿ! ಮಳೆಗಾಲದಲ್ಲಿ ಘಟ್ಟದ ಮಣ್ಣು, ಕಲ್ಲು ಸವೆದು ಆದ ಮರಳನ್ನು ಹೊತ್ತುಕೊಂಡು ಕೆಂಪಾಗಿ ಬರುವ ನದಿ, ಸಮುದ್ರ ಸಿಕ್ಕಿದ ತಕ್ಷಣ ವೇಗ ಕಳಕೊಳ್ಳುತ್ತೆ. ವೇಗ ಹೋಯಿತೋ, ಹೊರೆ ಕೆಳಗಿಳಿಸಲೇಬೇಕು. ಅಲ್ಲೇ ಅಳಿವೆ ಬಾಯಲ್ಲಿ ಮರಳು ಕೂರುತ್ತೆ. ಒಂದು ಕಡೆಯಿಂದ ನದಿ ತಳ್ಳುತ್ತೆ, ಇನ್ನೊಂದು ಕಡೆಯಿಂದ ಕಡಲು ತಳ್ಳುತ್ತೆ. ಈ ಜಗ್ಗಾಟದಲ್ಲಿ ದಿಬ್ಬ ಇವತ್ತು ಇಲ್ಲಿದ್ದರೆ ಮುಂದಿನ ವರ್ಷ ಇನ್ನೊಂದು ಕಡೆ. ಅಳಿವೆ ಬಾಯಿ ಕೂಡಾ ಒಂದೇ ಜಾಗದಲ್ಲಿ ನಿಲ್ಲೋದಿಲ್ಲ.

ಅಂದರೆ ಅಲೆ ಸಮುದ್ರದ್ದಾದರೂ ಅದರ ಆಕಾರ ನದಿಯದ್ದು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ.

ಈಗ ಸ್ಪೇನ್‌ಗೆ ಹೋಗೋಣ. ಅಲ್ಲಿ ಬಾಸ್ಕ್ ಪ್ರಾಂತ್ಯದಲ್ಲಿ ಮುಂಡಾಕಾ ಅನ್ನೋ ಪುಟ್ಟ ಊರಿದೆ. ಮೀನುಗಾರರ ಊರು, ನದಿ ಸಮುದ್ರ ಸೇರುವ ಜಾಗ. ಅಲ್ಲಿನ ಅಲೆ ಯುರೋಪಿನ ಅತ್ಯುತ್ತಮ ಅಲೆಗಳಲ್ಲಿ ಒಂದು ಅಂತ ಲೋಕಪ್ರಸಿದ್ಧ. 2003ರಲ್ಲಿ ಒಳಗಿನ ಹಡಗುಕಟ್ಟೆಯಲ್ಲಿ ತಯಾರಾದ ಹಡಗನ್ನು ಹೊರಗೆ ತರಬೇಕು ಅಂತ ಅಳಿವೆಯಲ್ಲಿ ಮರಳು ತೆಗೆದರು. ಏನಾಯಿತು? ದಿಬ್ಬ ಕದಲಿತು. ಅಲೆ ಮಾಯವಾಯಿತು! 2005ರಲ್ಲಿ ಅಲ್ಲಿ ನಡೆಯಬೇಕಿದ್ದ ವಿಶ್ವಮಟ್ಟದ ಸ್ಪರ್ಧೆಯನ್ನೇ ಕೈಬಿಡಬೇಕಾಯಿತು. ಆಮೇಲೆ ಮರಳು ಮತ್ತೆ ಬಂದು ಕೂತಿತು, ಅಲೆಯೂ ಬಂತು. ಸಮುದ್ರ ಅಲ್ಲೇ ಇತ್ತು, ಗಾಳಿ ಅಲ್ಲೇ ಇತ್ತು, ಊರು ಅಲ್ಲೇ ಇತ್ತು. ತೆಗೆದದ್ದು ಮರಳು ಮಾತ್ರ. ಮುಂಡಾಕಾದವರ ಅದೃಷ್ಟ, ಅಲ್ಲಿ ನದಿ ಕ್ಷಮಿಸಿತು. ಎಲ್ಲ ನದಿಗಳೂ ಕ್ಷಮಿಸ್ತಾವೆ ಅಂತ ಯಾವ ಗ್ಯಾರಂಟಿಯೂ ಇಲ್ಲ.

ಇನ್ನು ನಮ್ಮ ಕಡೆ ನೋಡಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮರಳು ಅನ್ನೋ ಮೂರಕ್ಷರಕ್ಕೆ ಎಷ್ಟು ಬಲ ಇದೆ ಅಂತ ನಿಮಗೆ ನಾನು ಹೇಳಬೇಕಾ? ಮರಳಿಗಾಗಿ ಪ್ರತಿಭಟನೆ ಆಗಿದೆ, ಮರಳಿಗಾಗಿ ಅಧಿಕಾರಿಗಳ ಮೇಲೆ ಹಲ್ಲೆ ಆಗಿದೆ. ಕರಾವಳಿ ನಿಯಂತ್ರಣ ವಲಯದ ನಿಯಮ ಸ್ಪಷ್ಟವಾಗಿದೆ. ದೋಣಿ ಓಡಾಟಕ್ಕೆ ಅಡ್ಡಿಯಾಗುವ ದಿಬ್ಬವನ್ನು ಸಾಂಪ್ರದಾಯಿಕವಾಗಿ ಆ ಕೆಲಸ ಮಾಡಿಕೊಂಡು ಬಂದವರು ಕೈಯಿಂದ ತೆಗೆಯಬಹುದು, ಯಂತ್ರ ಇಳಿಸುವಂತಿಲ್ಲ. ಕಾಗದದ ಮೇಲೆ ಬುಟ್ಟಿ, ದೋಣಿ. ರಾತ್ರಿ ಹನ್ನೆರಡರ ಮೇಲೆ ಹೊಳೆಬದಿಯಲ್ಲಿ ಮೊರೆಯುವ ಎಂಜಿನ್‌ಗಳು ಯಾರವು? ಸಾಲುಗಟ್ಟಿ ಹೋಗುವ ಲಾರಿಗಳು ಯಾರವು? ಉತ್ತರ ನಿಮಗೂ ಗೊತ್ತು, ನನಗೂ ಗೊತ್ತು, ಪೊಲೀಸರಿಗೂ ಗೊತ್ತು.

‘ಹಾಗಾದರೆ ಮನೆ ಕಟ್ಟೋದು ಬೇಡ್ವಾ?’ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಮನೆ ಬೇಕು. ಆದರೆ ನದಿ ಒಂದು ಮಳೆಗಾಲದಲ್ಲಿ ತಂದು ಹಾಕುವುದೆಷ್ಟು, ನಾವು ಎತ್ತುವುದೆಷ್ಟು ಅನ್ನೋ ಲೆಕ್ಕ ಬೇಕಲ್ಲ? ಸಂಬಳ ಎಷ್ಟು ಅಂತ ನೋಡದೆ ಖರ್ಚು ಮಾಡುವ ಮನೆ ಏನಾಗುತ್ತೆ? ಮೇಲಿನಿಂದ ಬರುವ ಮರಳನ್ನು ಅಣೆಕಟ್ಟುಗಳು ಹಿಡಿದುಕೊಳ್ಳುತ್ತವೆ, ಕೆಳಗಿನದನ್ನು ಲಾರಿಗಳು ಹೊತ್ತೊಯ್ಯುತ್ತವೆ. ದಡಕ್ಕೆ ಉಳಿಯೋದು ಏನು?

ದಡ ಅಂದರೆ ಬರೀ ನೋಟ ಅಲ್ಲ ಸ್ವಾಮಿ. ಅಳಿವೆಯ ದಿಬ್ಬ ಅಲೆಯನ್ನು ದೂರದಲ್ಲೇ ಮುರಿದು ಅದರ ಬಲ ತಗ್ಗಿಸುತ್ತೆ. ಸರ್ಫಿಂಗ್ ಹುಡುಗನಿಗೆ ಅದು ಆಟದ ಮೈದಾನ, ದಡದ ಮನೆಯ ಅಜ್ಜಿಗೆ ಅದು ಕಾಂಪೌಂಡ್ ಗೋಡೆ. ದಿಬ್ಬ ಹೋದರೆ ಅದೇ ಅಲೆ ಪೂರ್ತಿ ಬಲದಲ್ಲಿ ಬಂದು ತೆಂಗಿನ ಬುಡಕ್ಕೆ ಹೊಡೆಯುತ್ತೆ. ಪ್ರತಿ ಜೂನ್‌ನಲ್ಲಿ ನಾವು ಟಿವಿಯಲ್ಲಿ ‘ಕಡಲ್ಕೊರೆತ’ ಅಂತ ತೋರಿಸ್ತೀವಿ, ಮಂತ್ರಿಗಳು ಬರ್ತಾರೆ, ಕಲ್ಲು ಸುರಿಸ್ತಾರೆ. ಮುಂದಿನ ಜೂನ್‌ಗೆ ಕಲ್ಲು ನೀರೊಳಗೆ, ಬಿಲ್ಲು ಖಜಾನೆಯೊಳಗೆ!

ಉಳ್ಳಾಲವನ್ನೇ ನೋಡಿ. ನೇತ್ರಾವತಿ, ಫಲ್ಗುಣಿ ಸೇರುವ ಅಳಿವೆಗೆ ತಡೆಗೋಡೆ ಕಟ್ಟಿದರು. ಮೀನುಗಾರರ ಬೋಟುಗಳಿಗೆ ಸುರಕ್ಷಿತ ದಾರಿ ಬೇಕಿತ್ತು, ಅದು ತಪ್ಪಲ್ಲ. ಆದರೆ ದಡದುದ್ದಕ್ಕೂ ಸಾಗುವ ಮರಳಿಗೆ ಗೋಡೆ ಅಡ್ಡ ಬಂದರೆ ಒಂದು ಕಡೆ ಮರಳು ತುಂಬುತ್ತೆ, ಇನ್ನೊಂದು ಕಡೆ ಬರಿದಾಗುತ್ತೆ. ಉಳ್ಳಾಲದ ಮನೆಗಳು ಕಡಲಿಗೆ ಬಿದ್ದವು. ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್‌ನಿಂದ ಸಾಲ ತಂದು, ಕಡಲೊಳಗೆ ಕೃತಕ ಬಂಡೆಸಾಲು ಕಟ್ಟಬೇಕಾಯಿತು. ನದಿ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ನಾವು ಬಡ್ಡಿ ಕಟ್ತಿದ್ದೇವೆ!

ಆಸ್ಟ್ರೇಲಿಯಾದಲ್ಲೂ ಹೀಗೇ ಆಗಿತ್ತು. ಟ್ವೀಡ್ ನದಿಯ ಬಾಯಲ್ಲಿದ್ದ ಗೋಡೆಗಳನ್ನು 1960ರ ದಶಕದಲ್ಲಿ ಉದ್ದ ಮಾಡಿದರು. ಅದರಾಚೆಯ ಗೋಲ್ಡ್ ಕೋಸ್ಟ್ ಬೀಚುಗಳು ಬರಿದಾದವು. ಅವರು ಏನು ಮಾಡಿದರು ಗೊತ್ತಾ? ಗೋಡೆಯ ಈಚೆ ತಡೆದು ನಿಂತ ಮರಳನ್ನು ಪಂಪ್ ಮಾಡಿ, ಕೊಳವೆಯಲ್ಲಿ ನದಿಯ ಆಚೆ ದಡಕ್ಕೆ ಕಳಿಸೋ ವ್ಯವಸ್ಥೆ ಕಟ್ಟಿದರು. 2001ರಿಂದ ಅದು ನಡೀತಿದೆ. ಎರಡು ರಾಜ್ಯ ಸರ್ಕಾರಗಳು ಸೇರಿ ನಡೆಸ್ತಿವೆ. ಬೀಚು ವಾಪಸ್ ಬಂತು, ಜೊತೆಗೆ ಪ್ರಪಂಚವೇ ಮಾತಾಡುವಂಥ ಉದ್ದದ ಅಲೆಯೂ ಹುಟ್ಟಿತು. ಎರಡು ರಾಜ್ಯಗಳು ಮರಳಿಗಾಗಿ ಕೂತು ಮಾತಾಡಿದವು. ನಮ್ಮಲ್ಲಿ ಒಂದೇ ಜಿಲ್ಲೆಯ ಎರಡು ಇಲಾಖೆಗಳು ಒಂದೇ ಮೇಜಿಗೆ ಬರೋದಿಲ್ಲ. ಗಣಿ ಇಲಾಖೆಗೆ ಮರಳು ಅಂದರೆ ರಾಜಧನ, ಬಂದರು ಇಲಾಖೆಗೆ ಹೂಳು, ಪ್ರವಾಸೋದ್ಯಮ ಇಲಾಖೆಗೆ ಫೋಟೋ. ಅದು ನದಿಯ ಆಸ್ತಿ ಅಂತ ನೋಡುವ ಇಲಾಖೆ ಯಾವುದು?

ಇನ್ನೊಂದು ಮಾತು. ಇದು ಬಹಳ ಮುಖ್ಯ, ಮನೆಯಲ್ಲಿ ಮಕ್ಕಳಿದ್ದರೆ ಕರೀರಿ. ಅಳಿವೆ ನೋಡೋಕೆ ಚಂದ, ನಂಬೋಕೆ ಅಪಾಯ. ಕಡಲು ಇಳಿತದಲ್ಲಿರುವಾಗ ನದಿಯ ನೀರೂ ಇಳಿತದ ನೀರೂ ಸೇರಿ ಒಂದೇ ಬಾಯಿಂದ ಹೊರಗೆ ನುಗ್ಗುತ್ತೆ. ಮೇಲೆ ಅಲೆಯಿಲ್ಲದೆ ಶಾಂತವಾಗಿ ಕಾಣುವ ಪಟ್ಟಿಯೇ ಒಳಗೆ ಎಳೆಯುವ ಪಟ್ಟಿ. ಬೆಂಗಳೂರಿನಿಂದ ಬಂದ ಹುಡುಗರು ‘ಇಲ್ಲಿ ಅಲೆ ಕಮ್ಮಿ ಇದೆ ಮಚ್ಚಾ’ ಅಂತ ಅಲ್ಲಿಗೇ ಇಳೀತಾರೆ. ಮುಂದಿನದು ಮಾರನೇ ದಿನದ ಪೇಪರ್‌ನಲ್ಲಿ ಬರುತ್ತೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಎದುರೀಜಬೇಡಿ, ಎಂಥಾ ಈಜುಗಾರನೂ ಸುಸ್ತಾಗ್ತಾನೆ. ಮೊದಲು ತೇಲಿ, ಉಸಿರು ಉಳಿಸಿಕೊಳ್ಳಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. ಕೈ ಎತ್ತಿ ಸಹಾಯ ಕೇಳೋದಕ್ಕೆ ನಾಚಿಕೆ ಬೇಡ. ಎಲ್ಲಕ್ಕಿಂತ ಮೊದಲು, ಇಳಿಯೋ ಮುಂಚೆ ಅಲ್ಲಿನ ಮೀನುಗಾರರನ್ನು ಒಂದು ಮಾತು ಕೇಳಿ. ಹೈದರಾಬಾದ್‌ನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತೆ, ಅದನ್ನೂ ನೋಡಿ.

ದಡದಲ್ಲಿ ಒಬ್ಬ ಹಿರಿಯ ಮೀನುಗಾರರು ನನಗೆ ಹೇಳಿದರು: ‘ಅಳಿವೆ ಬಾಗಿಲು ದಾಟುವಾಗ ನಾವು ಮಾತಾಡುವುದಿಲ್ಲ ಮಾರಾಯ್ರೆ. ಅಲೆ ಲೆಕ್ಕ ಮಾಡ್ತೇವೆ. ತಪ್ಪಿದರೆ ದೋಣಿ ಮಗುಚುತ್ತದೆ.’ ಅದನ್ನು ಕೇಳಿದಾಗ ನನಗೆ ಅನಿಸಿದ್ದು ಇಷ್ಟೇ. ಹಲಗೆ ಮೇಲಿನ ಹುಡುಗನೂ ಅದನ್ನೇ ಮಾಡ್ತಾನೆ, ದೋಣಿಯಲ್ಲಿರೋ ಅಜ್ಜನೂ ಅದನ್ನೇ ಮಾಡ್ತಾನೆ. ಆ ಲೆಕ್ಕ ಗೊತ್ತಿರುವ ಹುಡುಗರನ್ನೇ ಆರಿಸಿ, ತರಬೇತಿ ಕೊಟ್ಟು, ಸಂಬಳ ಕೊಟ್ಟು ಜೀವರಕ್ಷಕರನ್ನಾಗಿ ನೇಮಿಸೋದಕ್ಕೆ ಸರ್ಕಾರಕ್ಕೆ ಎಷ್ಟು ಖರ್ಚಾಗುತ್ತೆ? ಒಂದು ಉದ್ಘಾಟನಾ ಸಮಾರಂಭದ ಶಾಮಿಯಾನಕ್ಕಿಂತ ಜಾಸ್ತಿ ಆಗುತ್ತಾ?

ಹಾಗಾಗಿ ನನ್ನ ಬೇಡಿಕೆ ಮೂರೇ. ಒಂದು, ಪ್ರತಿ ಅಳಿವೆಗೂ ಮರಳಿನ ಲೆಕ್ಕಪುಸ್ತಕ ಇಡಿ. ಬಂದದ್ದೆಷ್ಟು, ಹೋದದ್ದೆಷ್ಟು, ಗ್ರಾಮ ಪಂಚಾಯತ್ ಗೋಡೆ ಮೇಲೆ ಬರೀರಿ. ಎರಡು, ಬೀಚ್ ಅಭಿವೃದ್ಧಿ ಅಂತ ಕಾಂಕ್ರೀಟ್ ಹಾಕುವ ಮೊದಲು, ಆ ಜಾಗ ಹತ್ತು ವರ್ಷ ಆದ ಮೇಲೂ ಇರುತ್ತಾ ಅಂತ ಅಲ್ಲಿನ ಮೀನುಗಾರರನ್ನು ಕೇಳಿ. ಮೂರು, ಅಳಿವೆ ಇರುವ ಪ್ರತಿ ಬೀಚಿಗೂ ಆ ಊರಿನದೇ ಜೀವರಕ್ಷಕರನ್ನು ನೇಮಿಸಿ.

ಮುಂದಿನ ಸಲ ನಿಮ್ಮ ಮನೆ ಮುಂದೆ ಒಂದು ಲೋಡ್ ಹೊಳೆ ಮರಳು ಬಂದು ಬಿದ್ದಾಗ ಡ್ರೈವರ್‌ನ ಕೈಯಲ್ಲಿ ಪರ್ಮಿಟ್ ಇದೆಯಾ, ಯಾವ ಹೊಳೆಯದ್ದು ಅಂತ ಕೇಳಿ. ಅಷ್ಟು ಕೇಳೋ ಹಕ್ಕು ನಿಮಗಿದೆ. ಕೇಳೋರು ಹೆಚ್ಚಾದರೆ ರಾತ್ರಿ ಎಂಜಿನ್‌ಗಳ ಸದ್ದು ತಾನಾಗೇ ಕಮ್ಮಿಯಾಗುತ್ತೆ.